ಲಂಗರು ದೋಣಿಯೊಳಗೆ ಇರುವುದಿಲ್ಲ

ಚಿಕ್ಕಮ್ಮ ಆ ಮಾತು ಕೇಳಿದಾಗ ನಾನು ಅವರಿಗಾಗಿ ಗಂಜಿ ಆರಿಸುತ್ತಿದ್ದೆ. ಜುಲೈ ತಿಂಗಳು. ಕಾರವಾರದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹೆಂಚಿನ ಮೇಲೆ ಸುರಿಯುವ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ. ಅವರು ಮತ್ತೊಮ್ಮೆ ಹೇಳಿದರು: “ನಾನು ಹೋದ್ರೆ ದೇವರ ಹತ್ರಾನೇ ಹೋಗ್ತೀನಾ? ನಿಂಗೆ ಗೊತ್ತಾ?”

ಬುದ್ಧಿ ಬಂದಾಗಿನಿಂದ ಭಾನುವಾರದ ಪೂಜೆ ತಪ್ಪಿಸದ ಹೆಂಗಸು ಅವರು. ಸಂಜೆ ಜಪಮಾಲೆ ಮುಗಿಯದೆ ನಮಗೆ ಊಟ ಬಡಿಸಿದವರಲ್ಲ. ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೂ, ಗೋವೆಯ ಬಾಂಬೋಳಿ ಆಸ್ಪತ್ರೆಗೆ ಹೋಗಿ ಬರುವಾಗ ಕಾಳಿ ಸೇತುವೆ ಬಂದರೆ ಸಾಕು, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಅಂಥವರಿಗೆ ಈ ಪ್ರಶ್ನೆ ಎಲ್ಲಿಂದ ಬಂತು?

ಆಮೇಲೆ ಗೊತ್ತಾಯಿತು. ಹಿಂದಿನ ವಾರ ಪ್ರಾರ್ಥನೆ ಮಾಡಲು ಬಂದಿದ್ದವರೊಬ್ಬರು, “ನಿಮ್ಮ ನಂಬಿಕೆ ಗಟ್ಟಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಗುಣ ಆಗಬೇಕಿತ್ತು” ಅಂದು ಹೋಗಿದ್ದರು. ಅವರು ಕೆಟ್ಟವರಲ್ಲ. ಮಳೆಯಲ್ಲಿ ನೆನೆದುಕೊಂಡೇ ಬಂದು, ಒಂದು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದ್ದರು. ಆದರೆ ಆ ಒಂದು ಮಾತು ಚಿಕ್ಕಮ್ಮನ ನಿದ್ದೆ ಕಿತ್ತುಕೊಂಡಿತು. ಗುಣ ಆಗಲಿಲ್ಲ, ಅಂದರೆ ನಂಬಿಕೆ ಸಾಲದು. ನಂಬಿಕೆ ಸಾಲದು, ಅಂದರೆ ರಕ್ಷಣೆಯೂ ಇಲ್ಲ. ಅವರ ಲೆಕ್ಕ ಹೀಗೆ ಓಡಿತ್ತು.

ಈ ಲೆಕ್ಕ ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ರೈಸ್ತರಲ್ಲದ ಗೆಳೆಯರಿಗೂ ಅರ್ಥ ಆಗಲಿ ಅಂತ ಮೊದಲಿನಿಂದ ಶುರು ಮಾಡುತ್ತೇನೆ.

ರಕ್ಷಣೆ ಅಂದರೆ ಏನು? ಮನುಷ್ಯ ಪಾಪದಿಂದಾಗಿ ದೇವರಿಂದ ದೂರ ಆಗಿದ್ದಾನೆ. ತನ್ನ ಶಕ್ತಿಯಿಂದ ವಾಪಸ್ ಬರಲಾರ. ದೇವರೇ ಯೇಸುವಿನಲ್ಲಿ ಮನುಷ್ಯನಾಗಿ ಬಂದು, ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದು, ಆ ದೂರವನ್ನು ಅಳಿಸಿದ. ಇದು ನಾವು ದುಡಿದು ಗಳಿಸುವ ಕೂಲಿ ಅಲ್ಲ, ಕೃಪೆ. ಸುಮ್ನೆ ಕೊಟ್ಟದ್ದು. ಬೈಬಲ್‌ನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ಇಷ್ಟರ ತನಕ ಕೆಥೋಲಿಕರು, ಪ್ರೊಟೆಸ್ಟೆಂಟರು ಎಲ್ಲರೂ ಒಂದೇ.

ಹಾಗಾದರೆ ಮುಂದಿನ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಕೊಟ್ಟದ್ದು ನಿಜ. ನನಗೆ ಸಿಕ್ಕಿದೆಯಾ? ಸಿಕ್ಕಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಸ್ವಲ್ಪ ಬೇರೆ ರೀತಿಯಲ್ಲಿ ಚುಚ್ಚುತ್ತದೆ. ಇಲ್ಲಿನ ಕ್ರೈಸ್ತರಲ್ಲಿ ಕೆಥೋಲಿಕರು ಜಾಸ್ತಿ. ಕರಾವಳಿಯ ಕೊಂಕಣಿ ಮನೆಗಳು, ಹಳಿಯಾಳ ಕಡೆಯ ಸಿದ್ದಿ ಮನೆಗಳು, ಹೀಗೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ಆಯಿತು. ಅದರ ಜೊತೆಗೆ ಪ್ರೊಟೆಸ್ಟೆಂಟ್ ಮತ್ತು ಪೆಂತೆಕೋಸ್ತು ಸಭೆಗಳೂ ಇವೆ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹೋಗುವುದುಂಟು. “ನೀನು ರಕ್ಷಣೆ ಹೊಂದಿದ್ದೀಯಾ?” ಅಂತ ತಮ್ಮ ಕೇಳುತ್ತಾನೆ. ಹೌದು ಅಂದರೆ ಜಂಬ ಆದೀತು ಅಂತ ಅಣ್ಣ ಸುಮ್ಮನಿರುತ್ತಾನೆ. ತಮ್ಮನಿಗೆ ಆ ಮೌನ ಅವಿಶ್ವಾಸದ ಹಾಗೆ ಕಾಣುತ್ತದೆ. ಇಬ್ಬರೂ ಒಂದೇ ಬೈಬಲ್ ಓದುವವರು.

ಬೈಬಲ್‌ನಲ್ಲಿಯೇ ಎರಡೂ ದನಿ ಇವೆ. ಯೋಹಾನನ ಮೊದಲ ಪತ್ರದ ಕೊನೆಯಲ್ಲಿ, ದೇವರ ಮಗನನ್ನು ನಂಬುವ ನಿಮಗೆ ನಿತ್ಯಜೀವ ಇದೆ ಅಂತ ನೀವು ತಿಳಿದುಕೊಳ್ಳಲಿ ಎಂದೇ ಇದನ್ನು ಬರೆದೆ ಅಂತಿದೆ. ಗಮನಿಸಿ, “ತಿಳಿದುಕೊಳ್ಳಲಿ” ಅಂತಲೇ ಹೇಳುತ್ತಾನೆ. ಅದೇ ಬೈಬಲ್‌ನಲ್ಲಿ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ, ಭಯದಿಂದಲೂ ನಡುಕದಿಂದಲೂ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅನ್ನುತ್ತಾನೆ. ಕೊರಿಂಥದವರಿಗೆ, ನಿಂತಿದ್ದೇನೆ ಅಂದುಕೊಂಡವನು ಬೀಳದ ಹಾಗೆ ನೋಡಿಕೊಳ್ಳಲಿ ಅನ್ನುತ್ತಾನೆ. ಒಂದು ದನಿ ಹೆದರಿದವನ ಬೆನ್ನು ಸವರುತ್ತದೆ. ಇನ್ನೊಂದು ಮೈಮರೆತವನನ್ನು ಎಬ್ಬಿಸುತ್ತದೆ. ಹೆದರಿದವನಿಗೆ ಎಬ್ಬಿಸುವ ದನಿ ಕೇಳಿಸಿದರೆ, ಮೈಮರೆತವನಿಗೆ ಸವರುವ ದನಿ ಕೇಳಿಸಿದರೆ, ಆಗ ಅನಾಹುತ. ಚಿಕ್ಕಮ್ಮನಿಗೆ ಆದದ್ದು ಮೊದಲನೆಯದು.

ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ, 16ನೆಯ ಶತಮಾನದಲ್ಲಿ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್, ಸನ್ಯಾಸಿಯಾಗಿದ್ದಾಗ ಮತ್ತೆ ಮತ್ತೆ ಪಾಪನಿವೇದನೆ, ಅಂದರೆ ಗುರುಗಳ ಎದುರು ತಪ್ಪು ಹೇಳಿಕೊಳ್ಳುವುದು, ಮಾಡಿದರೂ ಸಮಾಧಾನ ಸಿಗದೆ ಒದ್ದಾಡಿದವನು. ನನ್ನ ಪಶ್ಚಾತ್ತಾಪ ಸಾಕಷ್ಟಿತ್ತಾ ಅನ್ನುವ ಪ್ರಶ್ನೆಗೆ ಕೊನೆಯೇ ಇರಲಿಲ್ಲ. ಕಡೆಗೆ ಅವನಿಗೆ ಹೊಳೆದದ್ದು, ನೋಡಬೇಕಾದದ್ದು ನನ್ನ ಪಶ್ಚಾತ್ತಾಪವನ್ನಲ್ಲ, ಕ್ರಿಸ್ತನ ಮಾತನ್ನು ಅಂತ. ಸಂಶಯ ಕಾಡಿದಾಗ ಅವನು “ನನಗೆ ದೀಕ್ಷಾಸ್ನಾನ ಆಗಿದೆ” ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನನಗೆ ಇದು ತುಂಬ ಇಷ್ಟ. “ನನ್ನ ನಂಬಿಕೆ ಗಟ್ಟಿ ಇದೆ” ಅಂತ ಅವನು ಹೇಳಿಕೊಳ್ಳಲಿಲ್ಲ. ದೇವರು ತನಗೆ ಮಾಡಿದ್ದನ್ನು ನೆನಪಿಸಿಕೊಂಡ.

ಕೆಥೋಲಿಕ್ ಸಭೆ 1547ರ ಜನವರಿಯಲ್ಲಿ ಟ್ರೆಂಟ್ ಅನ್ನುವ ಊರಲ್ಲಿ ಬಿಷಪರು ಸೇರಿದ ಮಹಾಸಭೆಯಲ್ಲಿ ಉತ್ತರ ಕೊಟ್ಟಿತು. ತಾನು ದೇವರ ಕೃಪೆಯಲ್ಲಿ ಇದ್ದೇನೆ ಅಂತ ಯಾರೂ ತಪ್ಪೇ ಇಲ್ಲದ ಖಚಿತತೆಯಿಂದ ಹೇಳಲಾರರು ಅಂತ ಅದು ಹೇಳಿತು. ಈ ಅರ್ಧವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಇನ್ನರ್ಧ ಮರೆತುಹೋಗಿದೆ. ದೇವರ ಕರುಣೆಯನ್ನಾಗಲಿ, ಕ್ರಿಸ್ತನ ಬಲಿಯ ಬೆಲೆಯನ್ನಾಗಲಿ ಭಕ್ತನಾದವನು ಸಂಶಯಿಸಬಾರದು, ದೇವರ ಸಹಾಯದಲ್ಲಿ ಎಲ್ಲರೂ ಅತಿ ದೃಢವಾದ ಭರವಸೆ ಇಡಬೇಕು ಅಂತಲೂ ಅದೇ ಟ್ರೆಂಟ್ ಹೇಳಿದೆ. ಅಂದರೆ ಸಂಶಯ ನಿನ್ನ ಮೇಲೆ ಇರಲಿ, ದೇವರ ಮೇಲೆ ಬೇಡ.

ಟ್ರೆಂಟ್‌ಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಒಬ್ಬ ಹುಡುಗಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದಳು. 1431ರಲ್ಲಿ ಫ್ರಾನ್ಸಿನಲ್ಲಿ, ಸೈನ್ಯದ ಮುಂದೆ ನಿಂತು ಹೋರಾಡಿದ್ದ ಜೋನ್ ಆಫ್ ಆರ್ಕ್‌ಳನ್ನು ಚರ್ಚಿನ ನ್ಯಾಯಾಲಯ ವಿಚಾರಣೆ ಮಾಡುತ್ತಿತ್ತು. ಅವಳಿಗೆ ಸುಮಾರು 19 ವರ್ಷ. “ನೀನು ದೇವರ ಕೃಪೆಯಲ್ಲಿ ಇದ್ದೀಯಾ?” ಅಂತ ಕೇಳಿದರು. ಬಲೆ ಅದು. ಹೌದು ಅಂದರೆ ಅಹಂಕಾರಿ, ಇಲ್ಲ ಅಂದರೆ ತಪ್ಪೊಪ್ಪಿಕೊಂಡ ಹಾಗೆ. ಅವಳು ಹೇಳಿದ್ದಿಷ್ಟು: ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿ ಸೇರಿಸಲಿ, ಇದ್ದರೆ ಅಲ್ಲೇ ಉಳಿಸಲಿ. ಎರಡೂ ಉತ್ತರದಲ್ಲಿ ಕೆಲಸ ಮಾಡುವವನು ದೇವರೇ, ನೋಡಿದಿರಾ?

ಪ್ರೊಟೆಸ್ಟೆಂಟರೊಳಗೂ ಎಲ್ಲರದೂ ಒಂದೇ ಮಾತಲ್ಲ. ದೇವರು ಆರಿಸಿಕೊಂಡವರು ಕೊನೆಯವರೆಗೂ ಉಳಿಯುತ್ತಾರೆ ಅಂತ 1618–19ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸೇರಿದ ಡಾರ್ಟ್ ಸಭೆ ಹೇಳಿತು. ಮನುಷ್ಯ ಕೈಬಿಟ್ಟು ಬೀಳಬಹುದು ಅಂತ ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಹೇಳಿದ. ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಆದರೆ ವೆಸ್ಲಿಯ ಬದುಕಿನ ಒಂದು ಸಂಗತಿ ನಮಗೆ ಬೇಕು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪವನ್ನೂ ತೆಗೆದಿದ್ದಾನೆ ಅನ್ನುವ ಭರವಸೆ ಬಂತು. ಈ ಕತೆ ಚರ್ಚಿನ ಉಪದೇಶಗಳಲ್ಲಿ ಬಹಳ ಸಲ ಬರುತ್ತದೆ. ಅದಾಗಿ ಎಂಟು ತಿಂಗಳೂ ತುಂಬುವ ಮೊದಲು, 1739ರ ಜನವರಿಯಲ್ಲಿ, ನಾನು ಕ್ರೈಸ್ತನೇ ಅಲ್ಲ ಅಂತ ಅವನು ದಿನಚರಿಯಲ್ಲಿ ಬರೆದುಕೊಂಡಿದ್ದು ಹೆಚ್ಚು ಜನರಿಗೆ ಗೊತ್ತಿಲ್ಲ. ಎದೆ ಬೆಚ್ಚಗಾಗುತ್ತದೆ, ತಣ್ಣಗೂ ಆಗುತ್ತದೆ. ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಅಂತ 1646ರದ್ದು ಒಂದಿದೆ, ಬಹಳ ಕಟ್ಟುನಿಟ್ಟಿನ ಜನ ಬರೆದದ್ದು. ಅವರೂ ಅದರ 18ನೆಯ ಅಧ್ಯಾಯದಲ್ಲಿ, ನಿಜವಾದ ವಿಶ್ವಾಸಿಯ ನಿಶ್ಚಯವೂ ಅಲುಗಾಡಬಹುದು, ಕುಗ್ಗಬಹುದು, ಕೆಲವು ಕಾಲ ಕಾಣದೇ ಹೋಗಬಹುದು ಅಂತ ಒಪ್ಪಿಕೊಂಡಿದ್ದಾರೆ. ರಕ್ಷಣೆ ಇರುವುದು ಒಂದು, ಅದು ಇದೆ ಅಂತ ಅನಿಸುವುದು ಇನ್ನೊಂದು. ಎರಡನೆಯದು ಹೋದ ಮಾತ್ರಕ್ಕೆ ಮೊದಲನೆಯದು ಹೋಗುವುದಿಲ್ಲ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಭರವಸೆ ಅನ್ನುವ ಪದ ತೆಗೆದುಕೊಳ್ಳಿ. “ನನಗೆ ಭರವಸೆ ಇದೆ” ಅನ್ನುತ್ತೇವೆ. “ಅವರು ಭರವಸೆ ಕೊಟ್ಟಿದ್ದಾರೆ” ಅಂತಲೂ ಅನ್ನುತ್ತೇವೆ. ಒಂದು ನನ್ನೊಳಗಿನದು. ಇನ್ನೊಂದು ಬೇರೆಯವರು ನನಗೆ ಕೊಟ್ಟ ಮಾತು. ಮನೆಗೆ ಹಣ ಬೇಕಾದಾಗ ಮಾವ “ನಾನಿದ್ದೇನೆ” ಅಂದರೆ ನಿಮಗೆ ಧೈರ್ಯ ಬರುತ್ತದಲ್ವಾ? ಆ ಧೈರ್ಯ ಎಷ್ಟು ಗಟ್ಟಿ ಅನ್ನುವುದು ನಿಮ್ಮ ಎದೆಯ ಮೇಲೆ ನಿಂತಿಲ್ಲ. ಮಾವ ಎಂಥವರು ಅನ್ನುವುದರ ಮೇಲೆ ನಿಂತಿದೆ. ರಾತ್ರಿ ನಿಮಗೆ ಚಿಂತೆ ಹತ್ತಿದರೂ ಮಾವನ ಮಾತು ಬದಲಾಗುವುದಿಲ್ಲ. ಒಳಗಿನ ಭರವಸೆ ಹೊರಗಿನ ಭರವಸೆಯ ನೆರಳು. ನೆರಳು ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ, ಮೋಡ ಬಂದರೆ ಮಾಯವೂ ಆಗುತ್ತದೆ. ಮರ ಅಲ್ಲೇ ಇರುತ್ತದೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಸಭೆಗಳೂ ಕೆಥೋಲಿಕ್ ಸಭೆಯೂ ಒಟ್ಟಿಗೆ, ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಅನ್ನುವ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದೆ 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು. ಅದರಲ್ಲಿ ರಕ್ಷಣೆಯ ಭರವಸೆಗೇ ಒಂದು ಭಾಗ ಇದೆ. ಅದರ ಸಾರ ಇದೇ: ನಿನ್ನ ಅನುಭವವನ್ನು ನೋಡಿಕೊಳ್ಳಬೇಡ, ಕ್ರಿಸ್ತನ ಮಾತನ್ನು ನೋಡು. ನಾನೂರೈವತ್ತು ವರ್ಷ ಜಗಳವಾಡಿದವರು ಇಲ್ಲಿಗೆ ಬಂದು ನಿಂತರು ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

ಇನ್ನು ಚಿಕ್ಕಮ್ಮನ ಲೆಕ್ಕದ ಇನ್ನೊಂದು ಭಾಗ. ನೋವು ಇದೆ ಅಂದರೆ ದೇವರು ಬಿಟ್ಟಿದ್ದಾನೆ ಅಂತಲಾ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿ, ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ಆ ದಿನಗಳಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಅವರೇ ಯಾಕೆ? ಯೇಸುವಿನ ಎದುರೂ ಇಂಥದ್ದೇ ಸುದ್ದಿ ಇತ್ತು. ಲೂಕನ 13ನೆಯ ಅಧ್ಯಾಯದಲ್ಲಿದೆ. ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳಿ, ಅಲ್ಲ ಅಂತ ತಾನೇ ಹೇಳುತ್ತಾನೆ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳಿದಾಗಲೂ ಅದೇ ಉತ್ತರ: ಇವನೂ ಅಲ್ಲ, ಅವರೂ ಅಲ್ಲ. ನೋವನ್ನು ನೋಡಿ ಪಾಪದ ತೂಕ ಹಾಕುವುದನ್ನು ಯೇಸು ನೇರವಾಗಿಯೇ ತಳ್ಳಿಹಾಕಿದ್ದಾನೆ. ನೋವನ್ನು ನೋಡಿ ನಂಬಿಕೆಯ ತೂಕ ಹಾಕುವುದು ಅದರದೇ ಇನ್ನೊಂದು ಮುಖ.

ಪೌಲನನ್ನೇ ನೋಡಿ. ಮೈಯಲ್ಲಿ ಒಂದು ಮುಳ್ಳು ಇದೆ, ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. “ನನ್ನ ಕೃಪೆ ನಿನಗೆ ಸಾಕು” ಅಂತ ಉತ್ತರ ಬಂತು. ಪೌಲನ ನಂಬಿಕೆ ಗಟ್ಟಿ ಇರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? ಚಿಕ್ಕಮ್ಮನಿಗೆ ನಾನು ಮೊದಲು ಓದಿ ಹೇಳಿದ್ದು ಇದನ್ನೇ, ಎರಡನೆಯ ಕೊರಿಂಥದ 12ನೆಯ ಅಧ್ಯಾಯ.

ಅದರ ಹಿಂದಿನ ಅಧ್ಯಾಯದಲ್ಲಿ ಪೌಲ ತನ್ನ ಕಷ್ಟಗಳ ಪಟ್ಟಿ ಕೊಡುತ್ತಾನೆ. ಮೂರು ಸಲ ಹಡಗು ಒಡೆಯಿತು, ಒಂದು ರಾತ್ರಿ ಒಂದು ಹಗಲು ನಡುಗಡಲಲ್ಲಿ ಕಳೆದೆ ಅನ್ನುತ್ತಾನೆ. ಕಡಲ ದಂಡೆಯಲ್ಲಿ ಬೆಳೆದವರಿಗೆ ಆ ಒಂದು ಸಾಲು ಸಾಕು, ಎದೆ ನಡುಗುತ್ತದೆ. ಇಷ್ಟೆಲ್ಲ ಆದ ಮೇಲೆ ಅವನು ರೋಮ್‌ನವರಿಗೆ ಪತ್ರ ಬರೆದದ್ದು. ಸಾವಾಗಲಿ, ಬದುಕಾಗಲಿ, ಈಗಿನದಾಗಲಿ, ಮುಂದಿನದಾಗಲಿ, ಯಾವುದೂ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಅನ್ನುವ 8ನೆಯ ಅಧ್ಯಾಯದ ಮಾತು ತಣ್ಣೀರು ಕುಡಿದು ನೆರಳಲ್ಲಿ ಕೂತು ಬರೆದದ್ದಲ್ಲ. ಅದೇ ಅಧ್ಯಾಯದ 28ನೆಯ ವಚನವನ್ನು ಸಾವಿನ ಮನೆಯಲ್ಲಿ “ಆಗೋದೆಲ್ಲ ಒಳ್ಳೇದಕ್ಕೇ” ಅನ್ನುವ ಅರ್ಥದಲ್ಲಿ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಆದದ್ದೆಲ್ಲ ಒಳ್ಳೆಯದು ಅಂತ ಪೌಲ ಹೇಳಿಲ್ಲ. ತನ್ನನ್ನು ಪ್ರೀತಿಸುವವರ ಒಳಿತಿಗಾಗಿ ದೇವರು ಎಲ್ಲದರಲ್ಲೂ ಕೆಲಸ ಮಾಡುತ್ತಾನೆ ಅಂದ. ಕ್ಯಾನ್ಸರ್ ಒಳ್ಳೆಯದಲ್ಲ. ಅಲ್ಲಿಯೂ ದೇವರು ಕೈಕಟ್ಟಿ ಕೂತಿಲ್ಲ, ಅಷ್ಟೇ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ ಅಂತ ಕೆಲವೇ ಸಾಲುಗಳ ಹಿಂದೆ ಅವನೇ ಬರೆದಿದ್ದಾನೆ. ನರಳುವುದು ಅವಿಶ್ವಾಸ ಅಲ್ಲ.

ಇನ್ನು ಲಂಗರಿನ ಮಾತು. ಹಿಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯ, ನಿರೀಕ್ಷೆಯನ್ನು ಪ್ರಾಣಕ್ಕೆ ಲಂಗರು ಅಂತ ಕರೆಯುತ್ತದೆ. ಆ ಲಂಗರು ತೆರೆಯೊಳಗೆ ಹೋಗಿದೆ ಅನ್ನುತ್ತದೆ. ಚಿಕ್ಕವನಿದ್ದಾಗ ನಾನು ತೆರೆ ಅಂದರೆ ಕಡಲ ತೆರೆ ಅಂದುಕೊಂಡಿದ್ದೆ. ಲಂಗರು ಹೋಗುವುದು ಅಲ್ಲಿಗೇ ಅಲ್ವಾ? ಅಲ್ಲಿ ಹೇಳಿದ್ದು ಜೆರುಸಲೇಮಿನ ದೇವಾಲಯದ ತೆರೆ, ಅಂದರೆ ಪರದೆ. ಅದರ ಹಿಂದೆ ದೇವರ ಸನ್ನಿಧಿ, ವರ್ಷಕ್ಕೊಮ್ಮೆ ಮಹಾಯಾಜಕ ಮಾತ್ರ ಹೋಗುವ ಜಾಗ. ಯೇಸು ನಮಗಿಂತ ಮುಂದೆ ಅಲ್ಲಿಗೆ ಹೋಗಿದ್ದಾನೆ, ನಮ್ಮ ಲಂಗರು ಅಲ್ಲಿ ಕಚ್ಚಿಕೊಂಡಿದೆ ಅನ್ನುವುದು ಪತ್ರದ ಮಾತು. ಆದರೂ ನನ್ನ ಬಾಲ್ಯದ ತಪ್ಪು ಅರ್ಥವನ್ನು ನಾನು ಪೂರ್ತಿ ಬಿಟ್ಟಿಲ್ಲ. ಪರದೆಯ ಹಿಂದೆಯೋ ನೀರಿನ ಕೆಳಗೋ, ಲಂಗರು ಕಣ್ಣಿಗೆ ಕಾಣುವುದಿಲ್ಲ.

ಅದೇ ಮಳೆಗಾಲದಲ್ಲಿ ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಪರಿಚಯದ ಬೋಟಿನವರೊಬ್ಬರು ಹರಿದ ಬಲೆ ಹೊಲಿಯುತ್ತ ಕೂತಿದ್ದರು. ಲಂಗರು ಹೇಗೆ ಹಿಡಿಯುತ್ತದೆ ಅಂತ ಕೇಳಿದೆ. ಭಾರದಿಂದ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು. ಭಾರ ಅದನ್ನು ತಳಕ್ಕೆ ಒಯ್ಯುವುದಕ್ಕೆ. ಹಿಡಿಯುವುದು ಕೊಕ್ಕೆ, ಕೆಸರಿನೊಳಗೆ. ಹಗ್ಗ ಗಿಡ್ಡ ಇದ್ದರೆ ದೋಣಿ ಎದ್ದಾಗೆಲ್ಲ ಲಂಗರೂ ಮೇಲೆ ಎದ್ದುಬರುತ್ತದೆ. ನೀರಿನ ಆಳಕ್ಕಿಂತ ಎಷ್ಟೋ ಪಟ್ಟು ಉದ್ದ ಹಗ್ಗ ಬಿಡಬೇಕು. ಆಗ ಎಳೆತ ಅಡ್ಡಕ್ಕೆ ಬೀಳುತ್ತದೆ. ಗಾಳಿ ಎಳೆದಷ್ಟೂ ಕೊಕ್ಕೆ ಇನ್ನೂ ಆಳಕ್ಕೆ ಕಚ್ಚುತ್ತದೆ.

“ಮತ್ತೆ ದೋಣಿ ಅಲುಗಾಡಲ್ವಾ?” ಅಂದೆ.

“ಅಲುಗಾಡದೆ ಏನು? ಉಬ್ಬರಕ್ಕೆ ಒಂದು ಕಡೆ ತಿರುಗುತ್ತೆ, ಇಳಿತಕ್ಕೆ ಇನ್ನೊಂದು ಕಡೆ. ತಿರುಗಿತು ಅಂತ ಲಂಗರು ಬಿಟ್ಟಿತು ಅನ್ನಬಾರದು.”

ಹಿಂದೆ ನೀರಿನಲ್ಲಿ ಒಂದು ಪಾತಿ ದೋಣಿ ಮೂತಿಯನ್ನು ಗಾಳಿಗೆ ಒಡ್ಡಿಕೊಂಡು ಏಳುತ್ತಿತ್ತು, ಬೀಳುತ್ತಿತ್ತು. ಅದರ ಹಗ್ಗ ಓರೆಯಾಗಿ ಕಂದು ನೀರಿನೊಳಗೆ ಇಳಿದು, ಒಂದು ಮಾರು ಹೋಗುವಷ್ಟರಲ್ಲಿ ಕಾಣೆಯಾಗಿತ್ತು. ನಾನು ಬಹಳ ಹೊತ್ತು ಆ ಹಗ್ಗವನ್ನೇ ನೋಡಿದೆ. ಲಂಗರನ್ನು ದೋಣಿಯೊಳಗೇ ಇಟ್ಟುಕೊಂಡರೆ ಏನೂ ಉಪಯೋಗ ಇಲ್ಲ, ಬರೀ ಭಾರ. ನಮ್ಮ ನಂಬಿಕೆ ಎಷ್ಟಿದೆ ಅಂತ ಎದೆಯೊಳಗೆ ಹುಡುಕುವುದು ಅಂದರೆ ಲಂಗರನ್ನು ದೋಣಿಯೊಳಗೆ ಹುಡುಕಿದ ಹಾಗೆ. ನಂಬಿಕೆ ಹಗ್ಗ. ಹಿಡಿತ ಇರುವುದು ಆ ಕಡೆಯ ತುದಿಯಲ್ಲಿ.

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯ ಓದಿ. ಪೌಲನನ್ನು ಕೈದಿಯಾಗಿ ರೋಮ್‌ಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿ 276 ಜನ. ಯಾರ ಪ್ರಾಣಕ್ಕೂ ಹಾನಿ ಇಲ್ಲ, ಹಡಗು ಮಾತ್ರ ಹೋಗುತ್ತದೆ ಅಂತ ದೇವದೂತ ಹೇಳಿದ್ದನ್ನು ಪೌಲ ಅವರಿಗೆ ತಿಳಿಸಿದ. ಆಮೇಲೂ ಅವರು ರಾತ್ರಿ ಹಿಂದಿನಿಂದ ನಾಲ್ಕು ಲಂಗರು ಬಿಟ್ಟು, ಬೆಳಗಾದರೆ ಸಾಕಪ್ಪ ಅಂತ ಹಾರೈಸುತ್ತ ಕೂತರು. ಬೆಳಗಾಯಿತು. ಹಡಗು ಮರಳಿಗೆ ಬಡಿದು ಒಡೆಯಿತು. ಕೆಲವರು ಈಜಿ, ಕೆಲವರು ಹಲಗೆ ಹಿಡಿದು, ಎಲ್ಲರೂ ದಡ ಸೇರಿದರು. ಕೊಟ್ಟ ಭರವಸೆ ಉಳಿಯಿತು. ಹಡಗು ಉಳಿಯುತ್ತದೆ ಅಂತ ಯಾರೂ ಭರವಸೆ ಕೊಟ್ಟಿರಲಿಲ್ಲ.

ಮೈ ಗುಣ ಆಗಲಿ ಅಂತ ಪ್ರಾರ್ಥಿಸಬಾರದು ಅಂತ ಇದರ ಅರ್ಥ ಅಲ್ಲ. ನಾವೂ ಪ್ರಾರ್ಥಿಸಿದೆವು. ಫಾದರ್ ಬಂದು ಚಿಕ್ಕಮ್ಮನ ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚಿದರು. ಔಷಧಿಯೂ ನಡೆಯುತ್ತಿತ್ತು. ನಾವು ಬಿಟ್ಟದ್ದು ಒಂದೇ, ಗುಣ ಆಗುವುದನ್ನು ನಂಬಿಕೆಯ ಪರೀಕ್ಷೆ ಮಾಡುವುದನ್ನು.

ಒಂದು ಸಂಜೆ ಬೈಬಲ್‌ನ 88ನೆಯ ಕೀರ್ತನೆ ಓದಿದೆ. ಉಳಿದ ಗೋಳಿನ ಕೀರ್ತನೆಗಳಿಗೆ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಬೆಳಕಿನ ತಿರುವು ಇರುತ್ತದೆ. ಇದಕ್ಕೆ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೆ ಮೊದಲ ಸಾಲಿನಲ್ಲೇ ಕೀರ್ತನೆ ಬರೆದವನು ದೇವರನ್ನು ನನ್ನನ್ನು ರಕ್ಷಿಸುವವನು ಅಂತ ಕರೆದು ಕೂಗುತ್ತಾನೆ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. “ಹೀಗೂ ಬರೆದಿದ್ದಾರಾ ಅದರಲ್ಲಿ?” ಅಂದರು. “ಬರೆದಿದ್ದಾರೆ.” “ಇನ್ನೊಂದ್ಸಲ ಓದು.” ಓದಿದೆ. ಎಷ್ಟೋ ದಿನದ ಮೇಲೆ ಅವತ್ತು ಅವರು ಜೋರಾಗಿ ಅತ್ತರು. ಅಳುತ್ತಲೇ ಜಪಮಾಲೆ ಹುಡುಕಿದರು, ದಿಂಬಿನ ಕೆಳಗೆ ಇತ್ತು.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿದವು. ಚಿಕ್ಕಮ್ಮ ಇನ್ನೂ ಹನ್ನೊಂದು ದಿನ ಇದ್ದರು. ನೋವು ಕಡಿಮೆ ಆಗಲಿಲ್ಲ. ಹೆದರಿಕೆಯೂ ಪೂರ್ತಿ ಹೋಗಲಿಲ್ಲ. ಒಂದು ರಾತ್ರಿ ಮತ್ತೆ ಅದೇ ಪ್ರಶ್ನೆ ಕೇಳಿದರು, ದೇವರ ಹತ್ರಾನೇ ಹೋಗ್ತೀನಾ ಅಂತ.

“ಮಾತು ಕೊಟ್ಟವರು ಯಾರು ಚಿಕ್ಕಮ್ಮ?” ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಯೇಸುಸ್ವಾಮಿ” ಅಂದರು. ನನ್ನ ಕೈ ಹಿಡಿದುಕೊಂಡು, ಹಾಗೇ ನಿದ್ದೆ ಹೋದರು.